ಕುಕ್ಕರ್ ಒಳಗೆ ಹತ್ತು ಮೀಟರ್ ಸಮುದ್ರ: ಒಂದು ಹಳೆ ಕ್ಯಾಮೆರಾ ಹೌಸಿಂಗ್ ರಿಪೇರಿ

ಕೆಲಸಕ್ಕೆ ತೆಗೆದುಕೊಂಡದ್ದು ಒಂದು ಸೆಕೆಂಡ್ ಹ್ಯಾಂಡ್ ಹೌಸಿಂಗ್. ಸಣ್ಣ ಕ್ಯಾಮೆರಾವನ್ನು ಒಳಗಿಟ್ಟು ಸಮುದ್ರದಡಿ ಫೋಟೊ ತೆಗೆಯುವ ಪೆಟ್ಟಿಗೆ ಇದು. ಪಾಲಿಕಾರ್ಬೊನೇಟ್ ಮೈ, ಮುಂದೆ ಲೆನ್ಸಿಗೆ ಕಿಟಕಿಯಂತಿರುವ ಚಪ್ಪಟೆ ಗಾಜಿನ ಪೋರ್ಟ್, ಹಿಂದೆ ಬಾಗಿಲು, ಬದಿಯಲ್ಲಿ ಲ್ಯಾಚ್. ರೇಟಿಂಗ್ 45 ಮೀಟರ್ ಆಳಕ್ಕೆ. ಮೈ ಗಟ್ಟಿಯಾಗಿದೆ, ಎಲ್ಲೂ ಬಿರುಕಿಲ್ಲ. ಆದರೆ ಡೈವ್ ಮುಗಿದ ಮೇಲೆ ಸಿಹಿನೀರು ಕಾಣದೆ ವರ್ಷಗಟ್ಟಲೆ ಕೂತಿದೆ. ಬಟನ್‌ಗಳ ಬುಡದಲ್ಲಿ ಬಿಳಿ ಉಪ್ಪು ಕಟ್ಟಿದೆ. ಎರಡು ಬಟನ್ ಒತ್ತಿದರೆ ಒಳಗೇ ನಿಲ್ಲುತ್ತವೆ. ಬಾಗಿಲ ದೊಡ್ಡ ಓ-ರಿಂಗ್, ಅಂದರೆ ನೀರು ತಡೆಯುವ ರಬ್ಬರ್ ಬಳೆ, ಒಂದು ಬದಿಯಲ್ಲಿ ಚಪ್ಪಟೆಯಾಗಿದೆ.

ಗುರಿ ನೇತ್ರಾಣಿ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಈ ದ್ವೀಪದ ಸುತ್ತ ಅಕ್ಟೋಬರ್‌ನಿಂದ ಮೇ ತನಕ ಡೈವಿಂಗ್ ನಡೆಯುತ್ತದೆ. ಮಳೆಗಾಲದಲ್ಲಿ ಕಡಲು ಒಪ್ಪುವುದಿಲ್ಲ. ಬೆಂಗಳೂರಲ್ಲಿ ಕೂತು ಸ್ಕ್ರೂಡ್ರೈವರ್ ಹಿಡಿಯಲು ಅದೇ ಒಳ್ಳೆ ಸಮಯ.

ಹೌಸಿಂಗ್ ಸೋರುತ್ತದೋ ಇಲ್ಲವೋ ಅನ್ನುವುದನ್ನು ಸಮುದ್ರಕ್ಕೆ ಹೋಗಿ ತಿಳಿಯಬೇಕಾಗಿಲ್ಲ. ಮನೆಯಲ್ಲೇ ಅಳೆದು ತಿಳಿಯಬಹುದು. ಇದು ಬರೀ ಕ್ಯಾಮೆರಾ ಉಳಿಸುವ ವಿಷಯ ಅಲ್ಲ. ಸೋರಿಕೆಯ ಭಯ ಇದ್ದವರು ನೀರಿಗಿಳಿದ ಮೇಲೆ ಮೀನು ನೋಡುವುದಿಲ್ಲ. ಹೌಸಿಂಗ್ ಮೂಲೆಯಲ್ಲಿ ಹನಿ ಕೂತಿದೆಯಾ ಅಂತ ನೋಡುತ್ತಲೇ ಟ್ಯಾಂಕ್ ಮುಗಿಸಿ ಮೇಲೆ ಬರುತ್ತಾರೆ. ಅಷ್ಟು ದೂರ ಹೋಗಿ ಹಾಗೆ ಬರುವುದು ನನಗೆ ತುಂಬಾ ಬೇಜಾರಿನ ವಿಷಯ.

ನೀರು ಎಲ್ಲಿಂದ ನುಗ್ಗುತ್ತದೆ

ಸಮುದ್ರದಲ್ಲಿ 10 ಮೀಟರ್ ಇಳಿದರೆ ಒತ್ತಡ ಸುಮಾರು 1 ಬಾರ್ ಏರುತ್ತದೆ. ಅಂದರೆ ಪ್ರತಿ ಚದರ ಸೆಂಟಿಮೀಟರ್ ಮೇಲೆ ಹೆಚ್ಚುಕಡಿಮೆ 1 ಕೆಜಿ ಭಾರ. ಈ ಹೌಸಿಂಗ್‌ನ ಬಾಗಿಲು 14 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರ. ಹತ್ತು ಮೀಟರ್ ಆಳದಲ್ಲಿ ಅದರ ಮೇಲೆ 140 ಕೆಜಿ ಕೂತಿರುತ್ತದೆ. ಇಪ್ಪತ್ತಕ್ಕೆ ಹೋದರೆ ಅದರ ಎರಡರಷ್ಟು.

1893ರಲ್ಲಿ ಫ್ರಾನ್ಸಿನ ಬಾನ್ಯುಲ್ಸ್ ಕಡಲಲ್ಲಿ ಫೋಟೊ ತೆಗೆಯಲು ಇಳಿದ ಲೂಯಿ ಬೂತಾನ್‌ಗೂ ಇದೇ ಲೆಕ್ಕ ಎದುರಾಗಿತ್ತು. ಅವರು ಪೆಟ್ಟಿಗೆಗೆ ಗಾಳಿ ತುಂಬಿದ ರಬ್ಬರ್ ಬಲೂನ್ ಜೋಡಿಸಿದರು. ಆಳಕ್ಕೆ ಹೋದ ಹಾಗೆ ನೀರು ಬಲೂನನ್ನು ಹಿಂಡುತ್ತದೆ, ಅದರ ಗಾಳಿ ಪೆಟ್ಟಿಗೆಯೊಳಗೆ ಹೋಗುತ್ತದೆ, ಒಳಗೂ ಹೊರಗೂ ಒತ್ತಡ ಸಮ. ಎಷ್ಟು ಸರಳ, ಎಷ್ಟು ಚೆಂದ ಅಲ್ವಾ! ಇವತ್ತಿನ ಹೌಸಿಂಗ್‌ಗಳು ಆ ದಾರಿ ಬಿಟ್ಟು ಗಟ್ಟಿ ಮೈ ಮತ್ತು ಓ-ರಿಂಗ್ ನಂಬಿಕೊಂಡಿವೆ.

ಬಾಗಿಲ ಓ-ರಿಂಗ್ ಆಳಕ್ಕೆ ಹೋದಷ್ಟೂ ಗಟ್ಟಿಯಾಗಿ ಕೂರುತ್ತದೆ, ಏಕೆಂದರೆ ನೀರೇ ಬಾಗಿಲನ್ನು ಒತ್ತಿ ಹಿಡಿದಿರುತ್ತದೆ. ಅಲ್ಲಿ ಸೋರುವುದಿದ್ದರೆ ಸಾಮಾನ್ಯವಾಗಿ ಮೊದಲ ಒಂದೆರಡು ಮೀಟರಲ್ಲೇ ಸೋರುತ್ತದೆ. ಒಂದು ತಲೆಕೂದಲು, ಒಂದು ಮರಳಿನ ಕಣ, ಇಷ್ಟು ಸಾಕು. ಬಟನ್‌ಗಳ ಕತೆ ಬೇರೆ. ಪ್ರತಿ ಬಟನ್‌ಗೂ ಒಂದು ಸ್ಟೀಲ್ ಕಡ್ಡಿ. ಅದು ತೂತಿನ ಮೂಲಕ ಒಳಗೆ ಹೋಗುತ್ತದೆ, ಅದರ ಸುತ್ತ ಪುಟ್ಟ ಓ-ರಿಂಗ್. ಕಡ್ಡಿ ಹಿಂದೆ ಮುಂದೆ ಓಡಾಡುತ್ತಲೇ ಇರಬೇಕು, ನೀರು ಮಾತ್ರ ಬರಬಾರದು. ಆಳ ಹೆಚ್ಚಾದರೆ ಇಲ್ಲಿ ಸಹಾಯ ಆಗುವುದಿಲ್ಲ. ಉಪ್ಪಿನ ಹರಳು ಕೂತರೆ ಪ್ರತಿ ಒತ್ತಿಗೂ ರಬ್ಬರ್ ಸವೆಯುತ್ತದೆ.

ಹಾಗಾಗಿ ಬಕೆಟ್ ನೀರಲ್ಲಿ ಮುಳುಗಿಸಿ ನೋಡಿದರೆ ಬಾಗಿಲಿನ ವಿಷಯ ಗೊತ್ತಾಗುತ್ತದೆ, ಬಟನ್‌ಗಳದ್ದು ಗೊತ್ತಾಗುವುದಿಲ್ಲ. ಒತ್ತಡ ಬೇಕೇ ಬೇಕು.

ಕುಕ್ಕರ್

ನಮ್ಮ ಮನೆಗಳ ಪ್ರೆಷರ್ ಕುಕ್ಕರ್‌ನ ವಿಸಿಲ್ ಏಳುವುದು ಹೆಚ್ಚುಕಡಿಮೆ 1 ಬಾರ್ ಒತ್ತಡಕ್ಕೆ. ಗಾಳಿ ಪಂಪಿನ ಗೇಜ್ ಭಾಷೆಯಲ್ಲಿ 15 ಪಿಎಸ್ಐ. ಅಂದರೆ ಅಡುಗೆಮನೆಯಲ್ಲೇ ಹತ್ತು ಮೀಟರ್ ಸಮುದ್ರ ಇದೆ, ಅದಕ್ಕಿಂತ ಹೆಚ್ಚಾದರೆ ತಾನೇ ಬಿಟ್ಟುಬಿಡುವ ವಾಲ್ವ್ ಸಮೇತ. ಇದು ಹೊಳೆದ ಮೇಲೆ ಬೇರೆ ಯಾವ ಉಪಾಯವೂ ಬೇಕೆನಿಸಲಿಲ್ಲ.

ಗುಜರಿ ಅಂಗಡಿಯಲ್ಲಿ 10 ಲೀಟರಿನ ಹಳೆ ಕುಕ್ಕರ್ ಸಿಕ್ಕಿತು. ಮುಚ್ಚಳ ಹೊರಗಿನಿಂದ ಕೂರುವಂಥದ್ದೇ ಬೇಕು. ಒಳಗಿನಿಂದ ಸಿಕ್ಕಿಸುವ ಮುಚ್ಚಳದ ಕುಕ್ಕರ್‌ಗೆ ಬಾಯಿ ಚಿಕ್ಕದು, ಹೌಸಿಂಗ್ ಇಳಿಯುವುದಿಲ್ಲ. ಗ್ಯಾಸ್ಕೆಟ್ ಹೊಸದು ಹಾಕಿದೆ. ಸೇಫ್ಟಿ ವಾಲ್ವ್ ಇದ್ದ ಜಾಗದ ತೂತನ್ನು ಲೇತ್ ಅಂಗಡಿಯಲ್ಲಿ ಅಳತೆಗೆ ಸರಿಮಾಡಿಸಿ, ಬೈಕಿನ ಲೋಹದ ಟ್ಯೂಬ್‌ಲೆಸ್ ವಾಲ್ವ್ ಕೂರಿಸಿದೆ. ಎರಡೂ ಕಡೆ ರಬ್ಬರ್ ವಾಷರ್ ಕೊಟ್ಟು ನಟ್ ಬಿಗಿಯುವಂಥದ್ದು ಇದು. ಪಂಚರ್ ಅಂಗಡಿಯಲ್ಲಿ ಸಿಗುತ್ತದೆ. ಗಾಳಿ ತುಂಬಲು ಗೇಜ್ ಇರುವ ಫುಟ್ ಪಂಪ್.

ಇಲ್ಲಿ ಜಾಗ್ರತೆಯ ಮಾತು ಹೇಳಲೇಬೇಕು. ಕುಕ್ಕರನ್ನು ಬಾಯಿ ತನಕ ನೀರು ತುಂಬಿಸಿ, ಮೇಲೆ ಬೆರಳಗಲ ಗಾಳಿ ಮಾತ್ರ ಬಿಡಬೇಕು. ನೀರನ್ನು ಒತ್ತಿದರೆ ಅದರಲ್ಲಿ ಶಕ್ತಿ ಕೂಡಿಕೊಳ್ಳುವುದು ತೀರಾ ಕಡಿಮೆ. ಗಾಳಿ ಹಾಗಲ್ಲ, ಗಾಳಿ ತುಂಬಿದ ಪಾತ್ರೆ ಬಾಯಿ ಬಿಟ್ಟರೆ ಮುಚ್ಚಳ ಹಾರುತ್ತದೆ. ವಿಸಿಲ್ ತೂಕವನ್ನು ಯಾವ ಕಾರಣಕ್ಕೂ ಕಟ್ಟಿಹಾಕಬಾರದು. ವಿಸಿಲ್ ಎದ್ದಿತು ಅಂದರೆ ಹತ್ತು ಮೀಟರ್ ಬಂತು, ಪಂಪ್ ನಿಲ್ಲಿಸಬೇಕು. ಸೇಫ್ಟಿ ವಾಲ್ವ್ ತೆಗೆದ ಈ ಕುಕ್ಕರ್ ಮತ್ತೆ ಒಲೆಗೆ ಹೋಗಬಾರದು. ಮನೆಯಲ್ಲಿ ಯಾರೂ ತಪ್ಪಿ ಬಳಸದಿರಲಿ ಅಂತ ಹಿಡಿಯನ್ನೇ ಕೆಂಪು ಬಣ್ಣ ಮಾಡಿ ಗ್ಯಾರೇಜಿನಲ್ಲಿ ಇಟ್ಟಿದ್ದೇನೆ.

ಖಾಲಿ ಹೌಸಿಂಗ್ ತೇಲುತ್ತದೆ. ಬಟ್ಟೆ ಸುತ್ತಿದ ಸೀಸದ ಡೈವಿಂಗ್ ತೂಕವನ್ನು ಮೇಲಿಟ್ಟರೆ ಕೆಳಗೆ ಕೂರುತ್ತದೆ.

ಒಳಗೆ ಕೂರುವ ಸೆನ್ಸರ್

ಹೌಸಿಂಗ್ ಒಳಗೆ ಕ್ಯಾಮೆರಾ ಬದಲು ಟಿಶ್ಯೂ ಪೇಪರ್ ಇಟ್ಟು, ತೆಗೆದು, ಒದ್ದೆಯಾಗಿದೆಯಾ ನೋಡಬಹುದು. ಅದೂ ಬೇಕು. ಆದರೆ ನನಗೆ ಬೇಕಾಗಿದ್ದದ್ದು ಸಂಖ್ಯೆ. ಎಸ್.ಪಿ. ರಸ್ತೆಯಿಂದ ಬಿಎಂಇ280 ಸೆನ್ಸರ್ ಬೋರ್ಡ್ ಮತ್ತು ಅದರ ಅಳತೆ ಓದಲು 3.3 ವೋಲ್ಟಿನ ಆರ್ಡುಯಿನೊ ಪ್ರೊ ಮಿನಿ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ತಂದೆ. ಈ ಸೆನ್ಸರ್ ಒತ್ತಡ, ತಾಪಮಾನ, ತೇವಾಂಶ ಮೂರನ್ನೂ ಅಳೆಯುತ್ತದೆ. ಕೊಳ್ಳುವಾಗ ಒಂದು ವಿಷಯ ಗಮನಿಸಿ. ಬಿಎಂಪಿ280 ಅಂತ ಇನ್ನೊಂದಿದೆ. ನೋಡಲು ಹೆಚ್ಚುಕಡಿಮೆ ಒಂದೇ ಥರ, ಆದರೆ ಅದರಲ್ಲಿ ತೇವಾಂಶದ ಭಾಗ ಇಲ್ಲ. ಚಿಪ್‌ನ ಐಡಿ ಓದಿಸಿದರೆ ಬಿಎಂಇ 0x60 ಅನ್ನುತ್ತದೆ, ಬಿಎಂಪಿ 0x58 ಅನ್ನುತ್ತದೆ.

ಕುಕ್ಕರ್ ಅಲ್ಯೂಮಿನಿಯಂ, ಒಳಗೆ ತುಂಬಾ ನೀರು. ವೈಫೈ, ಬ್ಲೂಟೂತ್ ಯಾವುದೂ ಹೊರಗೆ ಬರುವುದಿಲ್ಲ. ಹಾಗಾಗಿ ಅಳತೆಗಳು ಆರ್ಡುಯಿನೊದ, ಕರೆಂಟ್ ಹೋದರೂ ಅಳಿಯದ ಮೆಮೊರಿಯಾದ ಇಇಪ್ರಾಮ್‌ನಲ್ಲೇ ಉಳಿಯುವ ಹಾಗೆ ಬರೆದೆ. ಅಲ್ಲಿರುವುದು 1024 ಬೈಟ್. ಒಂದು ಅಳತೆಗೆ 5 ಬೈಟ್ ಇಟ್ಟುಕೊಂಡರೆ 204 ಅಳತೆ. 10 ಸೆಕೆಂಡಿಗೊಮ್ಮೆ ಬರೆದರೆ 34 ನಿಮಿಷ. ಒಂದು ಡೈವ್‌ಗೆ ಹತ್ತಿರದ ಸಮಯ, ನಮ್ಮ ಕೆಲಸಕ್ಕೆ ಸಾಕು. ಕರೆಂಟಿಗೆ ಮೂರು ಎಎಎ ಸೆಲ್. ಎಲ್ಲ ಸೇರಿ ಕ್ಯಾಮೆರಾ ಜಾಗದಲ್ಲಿ ಆರಾಮಾಗಿ ಕೂರುತ್ತದೆ.

ಮೊದಲು ಅಂದುಕೊಂಡದ್ದು ಒತ್ತಡವೇ ಮುಖ್ಯ ಅಂತ. ಹೌಸಿಂಗ್ ಒಳಗೆ ಸುಮಾರು 400 ಮಿ.ಲೀ. ಗಾಳಿ ಇದೆ ಅನ್ನೋಣ. 1 ಮಿ.ಲೀ. ನೀರು ಬಂದರೆ ಗಾಳಿಗೆ ಜಾಗ ಅಷ್ಟು ಕಮ್ಮಿಯಾಗಿ ಒತ್ತಡ ಬೆಂಗಳೂರಿನ ಗಾಳಿಯಲ್ಲಿ ಸುಮಾರು 2.3 ಹೆಕ್ಟೊಪಾಸ್ಕಲ್ (ಸಾವಿರ ಹೆಕ್ಟೊಪಾಸ್ಕಲ್ ಸೇರಿದರೆ 1 ಬಾರ್) ಏರಬೇಕು. ಸೆನ್ಸರ್ ಇದನ್ನು ಸುಲಭವಾಗಿ ಹಿಡಿಯುತ್ತದೆ. ಆದರೆ ಒಳಗಿನ ಗಾಳಿ 1 ಡಿಗ್ರಿ ಬಿಸಿಯಾದರೂ ಒತ್ತಡ ಸುಮಾರು 3 ಹೆಕ್ಟೊಪಾಸ್ಕಲ್ ಏರುತ್ತದೆ. ಅಂದರೆ ತಾಪಮಾನದ ಸದ್ದು ಸೋರಿಕೆಯ ಸದ್ದಿಗಿಂತ ದೊಡ್ಡದು. ಒತ್ತಡವನ್ನು ಕೆಲ್ವಿನ್ ತಾಪಮಾನದಿಂದ ಭಾಗಿಸಿ ನೋಡಬೇಕು. ನೀರು ಮತ್ತು ಹೌಸಿಂಗ್ ಒಂದೇ ಕೋಣೆಯಲ್ಲಿ ಕೆಲವು ಗಂಟೆ ಇದ್ದರೆ ಇನ್ನೂ ಒಳ್ಳೆಯದು.

ನಿಜವಾದ ಮಜಾ ಇರುವುದು ತೇವಾಂಶದಲ್ಲಿ. 27 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದುಕೊಳ್ಳಬಲ್ಲ ನೀರಾವಿ ಸುಮಾರು 26 ಗ್ರಾಂ. ನಮ್ಮ 400 ಮಿ.ಲೀ. ಗಾಳಿಗೆ ಲೆಕ್ಕ ಹಾಕಿದರೆ ಬರೀ 10 ಮಿಲಿಗ್ರಾಂ. ಈಗಾಗಲೇ ಅರ್ಧ ತೇವ ಇರುವ ಗಾಳಿಗೆ ಇನ್ನು 5 ಮಿಲಿಗ್ರಾಂ ಸೇರಿದರೆ ಪೂರ್ತಿ ತುಂಬಿದಂತೆ. ಒಂದು ಹನಿ ನೀರು ಸುಮಾರು 50 ಮಿಲಿಗ್ರಾಂ. ಹನಿಯ ಹತ್ತನೇ ಒಂದು ಭಾಗ ಒಳಗೆ ಬಂದು ಆವಿಯಾದರೂ ತೇವಾಂಶ ಶೇ. 50ರಿಂದ 100ಕ್ಕೆ ಹೋಗಬಲ್ಲದು! ಕಣ್ಣಿಗೆ ಕಾಣದ, ಟಿಶ್ಯೂ ಪೇಪರ್ ಹೇಳದ ಸೋರಿಕೆಯನ್ನು ಈ ಪುಟ್ಟ ಚಿಪ್ ಹೇಳುತ್ತದೆ. ಇದೇ ಕಾರಣಕ್ಕೆ ಪರೀಕ್ಷೆಯ ವೇಳೆ ಸಿಲಿಕಾ ಜೆಲ್ ಪೊಟ್ಟಣ ಒಳಗೆ ಇರಲೇಬಾರದು. ಅದು ಸಾಕ್ಷಿಯನ್ನೇ ಕುಡಿದುಬಿಡುತ್ತದೆ.

ಮೊದಲ ಪರೀಕ್ಷೆ, ಏನೂ ಬಿಚ್ಚದೆ

ಯಾವ ರಿಪೇರಿಯೂ ಇಲ್ಲದೆ, ಸಿಕ್ಕ ಸ್ಥಿತಿಯಲ್ಲೇ ಮೊದಲು ಪರೀಕ್ಷೆ ಮಾಡಿದೆ. ಮುಂಚೆ ಹೇಗಿತ್ತು ಅನ್ನುವ ಲೆಕ್ಕ ಇಲ್ಲದೆ ರಿಪೇರಿಗೆ ಕೈ ಹಾಕಿದರೆ, ಏನು ಸರಿಯಾಯಿತು ಅಂತ ಹೇಳುವುದು ಹೇಗೆ?

ಬಟನ್‌ಗಳ ಒಳಭಾಗದ ಕೆಳಗೆ ಟಿಶ್ಯೂ ಪೇಪರ್ ಹಾಸಿ, ಅದರ ಮೇಲೆ ಸ್ಕೆಚ್ ಪೆನ್‌ನಿಂದ ಸಾಲಾಗಿ ಚುಕ್ಕಿ ಇಟ್ಟೆ. ನೀರು ತಾಗಿದ ಚುಕ್ಕಿ ಹರಡುತ್ತದೆ. ಒಣಗಿದ ಮೇಲೂ ಗುರುತು ಉಳಿಯುತ್ತದೆ.

ಆರ್ಡುಯಿನೊ ಬರೆದಿಟ್ಟ ಅಳತೆಗಳ ಲಾಗ್ ಓದಿದಾಗ ಚಿತ್ರ ಸ್ಪಷ್ಟವಾಗಿತ್ತು. ಪಂಪ್ ಶುರುವಾದ ತಕ್ಷಣ ಒಳಗಿನ ಒತ್ತಡ ಸ್ವಲ್ಪ ಜಿಗಿದು ಅಲ್ಲೇ ನಿಂತಿತು. ಇದು ಸೋರಿಕೆ ಅಲ್ಲ. ಹೊರಗಿನ ಭಾರಕ್ಕೆ ಬಾಗಿಲು ಒಂಚೂರು ಒಳಗೆ ಬಾಗಿ, ಒಳಗಿನ ಗಾಳಿಗೆ ಜಾಗ ಕಡಿಮೆಯಾದದ್ದು. ಒತ್ತಡ ಬಿಟ್ಟಾಗ ಅದು ಹಿಂದಕ್ಕೆ ಬರುತ್ತದೆ. ತೇವಾಂಶ ಮಾತ್ರ ನಿಲ್ಲಲಿಲ್ಲ. 52ರಲ್ಲಿ ಇದ್ದದ್ದು ಏರುತ್ತಾ ಏರುತ್ತಾ 90 ದಾಟಿತು. ತಾಪಮಾನ ಅಷ್ಟೇ ಇತ್ತು. ಚುಕ್ಕಿಗಳಲ್ಲಿ ಹರಡಿದ್ದು ಮೆನು ಬಟನ್ ಕೆಳಗಿನದ್ದು ಮಾತ್ರ. ಸಿಕ್ಕಿಹಾಕಿಕೊಳ್ಳುವ ಎರಡು ಬಟನ್‌ಗಳಲ್ಲಿ ಅದೂ ಒಂದು.

ಬಾಗಿಲ ಓ-ರಿಂಗ್ ಚಪ್ಪಟೆಯಾಗಿದ್ದರೂ ಸೋರಿರಲಿಲ್ಲ. ಹಾಗಂತ ಅದನ್ನು ಉಳಿಸಿಕೊಳ್ಳುವ ಹಾಗಿಲ್ಲ. ಚಪ್ಪಟೆಯಾದ ರಬ್ಬರ್‌ಗೆ ಮತ್ತೆ ಉಬ್ಬಿ ಕೂರುವ ಗುಣ ಹೋಗಿರುತ್ತದೆ.

ಬಟನ್ ಬಿಚ್ಚುವುದು

ಹೌಸಿಂಗ್ ತಯಾರಕರು ಬಟನ್ ಬಿಚ್ಚಲು ಹೇಳುವುದಿಲ್ಲ, ಅದು ಸರ್ವಿಸ್ ಸೆಂಟರ್ ಕೆಲಸ. ಇದು ಹಳೆಯದು, ಯಾವ ವಾರಂಟಿಯೂ ಇಲ್ಲ. ಹಾಗಾಗಿ ನಾನೇ ಬಿಚ್ಚಿದೆ.

ಮೊದಲು ನೆನೆಸುವುದು. ಉಗುರು ಬೆಚ್ಚಗಿನ ಸಿಹಿನೀರಲ್ಲಿ ಒಂದು ರಾತ್ರಿ. ಮಧ್ಯೆ ಮಧ್ಯೆ ಬಟನ್‌ಗಳನ್ನು ನೀರೊಳಗೇ ಒತ್ತುತ್ತಿರಬೇಕು. ಉಪ್ಪು ಕರಗಿ ಹೋಯಿತು, ಆದರೆ ಕಡ್ಡಿಗಳ ಮೇಲೆ ಸುಣ್ಣದಂಥ ಬಿಳಿ ಪೊರೆ ಉಳಿಯಿತು. ಅದು ಬಿಚ್ಚಿದ ಮೇಲೆ ನೀರು ಬೆರೆಸಿದ ವಿನೆಗರ್‌ಗೆ ಬಿಟ್ಟಿತು.

ಪ್ರತಿ ಬಟನ್‌ನ ಕಡ್ಡಿ ಒಳಗಡೆ E ಅಕ್ಷರದ ಆಕಾರದ ಒಂದು ಲೋಹದ ಇ-ಕ್ಲಿಪ್‌ನಿಂದ ಹಿಡಿದಿರುತ್ತದೆ. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು. ಚೂಪು ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಹಾರಿ ಹೋಗುತ್ತದೆ. ಅದಕ್ಕೇ ಇಡೀ ಕೆಲಸವನ್ನು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಮಾಡಿದೆ. ಕ್ಲಿಪ್ ಹೋದ ಮೇಲೆ ಬಟನ್, ಸ್ಪ್ರಿಂಗ್, ಓ-ರಿಂಗ್ ಹೊರಗಡೆಯಿಂದ ಬರುತ್ತವೆ. ಪ್ರತಿ ಬಟನ್‌ನ ಭಾಗಗಳನ್ನು ಮೊಟ್ಟೆ ಟ್ರೇಯ ಒಂದೊಂದು ಗುಂಡಿಯಲ್ಲಿ ಇಟ್ಟು ನಂಬರ್ ಬರೆದೆ. ಸ್ಪ್ರಿಂಗ್‌ಗಳು ಎಲ್ಲ ಒಂದೇ ಥರ ಕಂಡರೂ ಉದ್ದ ಬೇರೆ ಬೇರೆ ಇರುತ್ತವೆ.

ಮೆನು ಬಟನ್‌ನ ಓ-ರಿಂಗ್ ಭೂತಗನ್ನಡಿಯಲ್ಲಿ ನೋಡಿದರೆ ಒಂದು ಬದಿ ಹರಿದು ನಾರು ನಾರಾಗಿತ್ತು. ಕಡ್ಡಿಯ ಮೇಲೆ ಗೀರು ಇರಲಿಲ್ಲ, ಅದು ದೊಡ್ಡ ಸಮಾಧಾನ. ಗೀರು ಬಿದ್ದಿದ್ದರೆ ಹೊಸ ರಬ್ಬರ್ ಕೂಡ ಬೇಗ ಹೋಗುತ್ತಿತ್ತು.

ಓ-ರಿಂಗ್ ಹುಡುಕಲು ಜೆ.ಸಿ. ರಸ್ತೆಯ ಆಯಿಲ್ ಸೀಲ್ ಅಂಗಡಿಗೆ ಹೋದೆ. "ಸರ್, ಸ್ಯಾಂಪಲ್ ತಂದಿದ್ದೀರಾ?" ಅಂತ ಕೇಳಿದವರು ಅದನ್ನು ಕೈಗೆ ತೆಗೆದುಕೊಂಡ ಕೂಡಲೇ ತಲೆ ಅಲ್ಲಾಡಿಸಿದರು. "ಇದು ಸವೆದಿದೆ ಸರ್, ಇದರ ಅಳತೆ ತಗೊಂಡ್ರೆ ಸಣ್ಣದು ಬರುತ್ತೆ. ಕೂರೋ ಜಾಗದ ಅಳತೆ ಕೊಡಿ." ನೂರಕ್ಕೆ ನೂರು ಸರಿಯಾದ ಮಾತು. ಕಡ್ಡಿಯ ದಪ್ಪ ಮತ್ತು ಗುಳಿಯ ಅಗಲವನ್ನು ವರ್ನಿಯರ್‌ನಲ್ಲಿ ಅಳೆದು ಇಟ್ಟುಕೊಂಡಿದ್ದೆ. ಅದರ ಪ್ರಕಾರ ನೈಟ್ರೈಲ್ ರಬ್ಬರ್‌ನ, 70 ಶೋರ್ ಗಡಸುತನದ ರಿಂಗ್ ಕೊಟ್ಟರು. ಎಲ್ಲ ಬಟನ್‌ಗೂ ಹೊಸದು ಹಾಕಿದೆ, ಸೋರಿದ್ದು ಒಂದೇ ಆದರೂ. ಎಲ್ಲವೂ ಒಂದೇ ವಯಸ್ಸಿನವು ತಾನೆ. ಬಾಗಿಲ ದೊಡ್ಡ ಓ-ರಿಂಗ್ ಮಾತ್ರ ಅದೇ ಮಾದರಿಗೆ ತಯಾರಕರು ಮಾಡಿದ್ದನ್ನೇ ತರಿಸಿದೆ. ಅದರ ಆಕಾರಕ್ಕೆ ಬದಲಿ ಸಿಗುವುದಿಲ್ಲ.

ಗ್ರೀಸ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಗ್ರೀಸ್ ನೀರು ತಡೆಯುವುದಿಲ್ಲ, ರಬ್ಬರ್ ತಡೆಯುತ್ತದೆ. ಗ್ರೀಸ್‌ನ ಕೆಲಸ ರಬ್ಬರ್ ಜಾರುವ ಹಾಗೆ ಮಾಡುವುದು ಅಷ್ಟೇ. ಬೆರಳಲ್ಲಿ ಸವರಿದಾಗ ರಿಂಗ್ ಮಿಂಚಬೇಕು, ಗ್ರೀಸ್ ಗಂಟಾಗಿ ಕಾಣಬಾರದು. ಜಾಸ್ತಿ ಆದರೆ ಧೂಳು, ಕೂದಲು ಹಿಡಿಯುತ್ತದೆ. ನೈಟ್ರೈಲ್‌ಗೆ ಸಾಮಾನ್ಯ ಸಿಲಿಕೋನ್ ಗ್ರೀಸ್ ಆಗುತ್ತದೆ. ಸಿಲಿಕೋನ್ ರಬ್ಬರ್‌ನ ಓ-ರಿಂಗ್‌ಗೆ ಅದನ್ನು ಹಾಕಿದರೆ ರಬ್ಬರ್ ಉಬ್ಬಬಹುದು, ಆ ಹೌಸಿಂಗ್‌ನ ತಯಾರಕರು ಹೇಳಿದ ಗ್ರೀಸ್ ಮಾತ್ರ ಹಾಕಿ. ಪಾಲಿಕಾರ್ಬೊನೇಟ್ ಮೈಗೆ ತಿನ್ನರ್, ಪೆಟ್ರೋಲ್, ಅಸಿಟೋನ್ ತಾಗಿಸಲೇಬೇಡಿ. ಸ್ಕ್ರೂ ಸಡಿಲವಾಗದಿರಲಿ ಅಂತ ಹಾಕುವ ಥ್ರೆಡ್ ಲಾಕರ್ ಅಂಟು ಕೂಡ ಬೇಡ. ಇವು ತಾಗಿದ ಪಾಲಿಕಾರ್ಬೊನೇಟ್ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆಳದಲ್ಲಿ ಆ ಬಿರುಕೇ ದೊಡ್ಡದಾಗುತ್ತದೆ.

ಎರಡನೇ ಪರೀಕ್ಷೆಯ ಲಾಗ್ ನೋಡಿದ ಕ್ಷಣ ನನಗೆ ಆದ ಖುಷಿ ಚಿಕ್ಕದಲ್ಲ. ಒತ್ತಡ ಏರುವಾಗ ಅದೇ ಸಣ್ಣ ಜಿಗಿತ, ಬಿಟ್ಟಾಗ ಅದೇ ಇಳಿತ. ತೇವಾಂಶ 51ರಲ್ಲಿ ಶುರುವಾಗಿ ಕೊನೆಯ ತನಕ 51, 52ರ ನಡುವೆ ನೇರ ಗೆರೆ. ಚುಕ್ಕಿಗಳು ಇಟ್ಟ ಹಾಗೇ ಇದ್ದವು. ಆಮೇಲೆ ಹಲವು ಬಾರಿ ಮಾಡಿದೆ, ಬಟನ್‌ಗಳನ್ನು ಚೆನ್ನಾಗಿ ಒತ್ತಿ ಒತ್ತಿ ರಬ್ಬರ್ ಪಳಗಿದ ಮೇಲೂ ಮಾಡಿದೆ. ಗೆರೆ ಅಲ್ಲಾಡಲಿಲ್ಲ.

ಇದು ಹತ್ತು ಮೀಟರಿನ ಪರೀಕ್ಷೆ, ನಲವತ್ತೈದರದ್ದಲ್ಲ. ನಾನು ಇಳಿಯುವುದು ಹದಿನೆಂಟರ ಒಳಗೆ. ಒಳಗಿರುವ ಕ್ಯಾಮೆರಾ ಹೌಸಿಂಗ್ ಇಲ್ಲದೆಯೂ 15 ಮೀಟರ್ ತಡೆಯುವಂಥದ್ದು. ಇಷ್ಟು ಸೇರಿದರೆ ನನಗೆ ಧೈರ್ಯ ಸಾಕು.

ಮಂಜು ಕೂರುವುದಕ್ಕೂ ಇದೇ ಸೆನ್ಸರ್

ನೀರಡಿ ಫೋಟೊ ಹಾಳುಮಾಡುವ ಇನ್ನೊಂದು ಸಂಗತಿ ಪೋರ್ಟ್ ಒಳಗಡೆ ಕೂರುವ ಮಂಜು. ಇದಕ್ಕೆ ಸೋರಿಕೆಯೇ ಬೇಕಾಗಿಲ್ಲ. ಕರಾವಳಿಯ ಗಾಳಿ 33 ಡಿಗ್ರಿ, ತೇವಾಂಶ 75 ಇದ್ದಾಗ ಹೌಸಿಂಗ್ ಮುಚ್ಚಿದರೆ, ಆ ಗಾಳಿ 28 ಡಿಗ್ರಿಗೆ ತಣಿದ ಕೂಡಲೇ ನೀರು ಬಿಡುತ್ತದೆ. ಸಮುದ್ರದ ನೀರು ಎಷ್ಟೋ ಸಲ ಅಷ್ಟು ಅಥವಾ ಅದಕ್ಕಿಂತ ತಣ್ಣಗಿರುತ್ತದೆ. ಅದೇ ಎಸಿ ಕೋಣೆಯಲ್ಲಿ, 24 ಡಿಗ್ರಿ ಮತ್ತು 55 ತೇವಾಂಶದಲ್ಲಿ ಮುಚ್ಚಿದರೆ ನೀರು ಬಿಡುವುದು ಸುಮಾರು 14 ಡಿಗ್ರಿಗೆ. ನೇತ್ರಾಣಿಯ ನೀರು ಅಷ್ಟು ತಣ್ಣಗಾಗುವುದೇ ಇಲ್ಲ. ಮುರ್ಡೇಶ್ವರದ ಲಾಡ್ಜಿನಲ್ಲಿ ಬೆಳಿಗ್ಗೆ ಎಸಿ ಓಡುತ್ತಿರುವಾಗಲೇ ಹೌಸಿಂಗ್ ಮುಚ್ಚಿ, ಆಮೇಲೆ ದೋಣಿಯಲ್ಲಿ ತೆರೆಯದೇ ಇದ್ದರೆ ಆಯಿತು. ಸಿಲಿಕಾ ಜೆಲ್ ಈಗ ಒಳಗೆ ಇರಲಿ. ದೋಣಿಯಲ್ಲಿ ಬಿಸಿಲಿಗೆ ಇಡದೆ, ಒದ್ದೆ ಬಟ್ಟೆ ಹೊದಿಸಿ ನೆರಳಲ್ಲಿ ಇಡಿ.

ಹಿಡಿ, ಬೆಳಕು, ತೇಲುವಿಕೆ

ಈ ಭಾಗ ಬೇಗ ಮುಗಿಯಿತು. ಬಿಳಿ ಎಚ್‌ಡಿಪಿಇ ತರಕಾರಿ ಹೆಚ್ಚುವ ಮಣೆಯನ್ನು ಉದ್ದಕ್ಕೆ ಕತ್ತರಿಸಿ ಹೌಸಿಂಗ್ ಕೂರಿಸುವ ಟ್ರೇ ಮಾಡಿದೆ. ಅಲ್ಯೂಮಿನಿಯಂ ಪಟ್ಟಿ ನೋಡಲು ಚೆಂದ. ಆದರೆ ಅದಕ್ಕೆ ಸ್ಟೇನ್‌ಲೆಸ್ ಬೋಲ್ಟ್ ಹಾಕಿ ಉಪ್ಪುನೀರಿಗೆ ಇಳಿಸಿದರೆ ಎರಡರ ನಡುವೆ ಅಲ್ಯೂಮಿನಿಯಂ ತಿಂದು ಹೋಗುತ್ತದೆ. ಪ್ಲಾಸ್ಟಿಕ್‌ಗೆ ಆ ತೊಂದರೆ ಇಲ್ಲ. ಬೋಲ್ಟ್‌ಗಳು 316 ದರ್ಜೆಯವು. ಎರಡು ಕಡೆ ಸಿಪಿವಿಸಿ ಪೈಪಿನ ಹಿಡಿ, ನೀರು ಹರಿದುಹೋಗಲು ತೂತು, ಮೇಲೆ ಸೈಕಲ್ ಹ್ಯಾಂಡಲ್ ಗ್ರಿಪ್.

ಬೆಳಕಿಗೆ ಎರಡು ಡೈವ್ ಟಾರ್ಚ್. ಅವನ್ನು ಹಿಡಿಯಲು ಲೇತ್ ಯಂತ್ರಗಳಲ್ಲಿ ಕೂಲೆಂಟ್ ಸುರಿಯುವ ಗಂಟು ಗಂಟಿನ ಪ್ಲಾಸ್ಟಿಕ್ ಪೈಪ್. ಪೀಣ್ಯದಲ್ಲಿ ಸುಲಭವಾಗಿ ಸಿಗುತ್ತದೆ, ಹೇಗೆ ಬಗ್ಗಿಸಿದರೆ ಹಾಗೆ ನಿಲ್ಲುತ್ತದೆ. ಟಾರ್ಚ್‌ಗಳು ಲೆನ್ಸಿನಿಂದ ಪಕ್ಕಕ್ಕೆ 25-30 ಸೆಂ.ಮೀ. ದೂರ ಇರಬೇಕು, ಮುಖ ಸ್ವಲ್ಪ ಹೊರಕ್ಕೆ ತಿರುಗಿರಬೇಕು. ಬೆಳಕು ಲೆನ್ಸ್ ಪಕ್ಕದಿಂದಲೇ ಹೋದರೆ ನೀರಲ್ಲಿ ತೇಲುವ ಕಣಗಳೆಲ್ಲ ಹೊಳೆದು ಫೋಟೊ ತುಂಬಾ ಬಿಳಿ ಚುಕ್ಕಿ ಬೀಳುತ್ತದೆ.

ಎಲ್ಲ ಜೋಡಿಸಿ ನೀರಿನ ಡ್ರಮ್ಮಿನಲ್ಲಿ ಇಳಿಬಿಟ್ಟು ಲಗೇಜ್ ತಕ್ಕಡಿಯಲ್ಲಿ ತೂಗಿದರೆ 380 ಗ್ರಾಂ ತೋರಿಸಿತು. ಉಪ್ಪುನೀರು ಸಿಹಿನೀರಿಗಿಂತ ಲೀಟರಿಗೆ ಸುಮಾರು 25 ಗ್ರಾಂ ಭಾರ. ಇಡೀ ಜೋಡಣೆ ಸುಮಾರು 2 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳುತ್ತದೆ, ಹಾಗಾಗಿ ಸಮುದ್ರದಲ್ಲಿ 330 ಗ್ರಾಂ. ಮಣಿಕಟ್ಟಿಗೆ ಇದು ಜಾಸ್ತಿ. ಮಲ್ಪೆಯಲ್ಲಿ ಬಲೆ ಸಾಮಾನಿನ ಅಂಗಡಿಗೆ ಹೋಗಿ ಬಲೆಗೆ ಕಟ್ಟುವ ಬೆಂಡು ಕೇಳಿದೆ.

"ಎಂಥ ಬಲೆಗೆ ಮಾರಾಯ್ರೆ?"

"ಬಲೆಗಲ್ಲ, ಕ್ಯಾಮೆರಾಗೆ. ಹದಿನೈದು ಮೀಟರ್ ಆಳಕ್ಕೆ ಹೋಗ್ತದೆ."

"ಹಾಗಾದ್ರೆ ಈ ಮೆತ್ತಂದು ಬೇಡ. ಆಳಕ್ಕೆ ಹೋದ್ರೆ ಚಪ್ಪಟೆ ಆಗ್ತದೆ, ಮತ್ತೆ ತೇಲುದಿಲ್ಲ. ಗಟ್ಟಿದು ತಕೊಳ್ಳಿ."

ಗಟ್ಟಿ ಪ್ಲಾಸ್ಟಿಕ್ಕಿನವನ್ನೇ ತಂದು ಟ್ರೇ ಅಡಿಗೆ ಕಟ್ಟಿದೆ. ಈಗ ಸಮುದ್ರದಲ್ಲಿ 30 ಗ್ರಾಂ ಮಾತ್ರ ಭಾರ. ಪೂರ್ತಿ ಸಮ ಮಾಡಲಿಲ್ಲ. ಕೈ ಬಿಟ್ಟರೆ ನಿಧಾನಕ್ಕೆ ಕೆಳಗೆ ಕೂರಬೇಕೇ ಹೊರತು ಮೇಲಕ್ಕೆ ಹಾರಬಾರದು. ಒಂದು ಹಗ್ಗ, ಅದರ ತುದಿಗೆ ಕೊಂಡಿ, ಕೊಂಡಿ ಬಿಸಿಡಿಯ (ನೀರಲ್ಲಿ ತೇಲುವಿಕೆ ಹೊಂದಿಸಲು ತೊಡುವ ಗಾಳಿ ಜಾಕೆಟ್) ರಿಂಗಿಗೆ.

ನೇತ್ರಾಣಿ

ದೋಣಿ ಮುರ್ಡೇಶ್ವರ ಬಿಟ್ಟು ದ್ವೀಪ ತಲುಪಲು ಹೆಚ್ಚುಕಡಿಮೆ ಒಂದೂವರೆ ಗಂಟೆ. ಮೊದಲ ಡೈವ್‌ನಲ್ಲಿ ಹೌಸಿಂಗನ್ನು ಸುಮ್ನೆ ಕೊಂಡಿಗೆ ಹಾಕಿಕೊಂಡು ಇಳಿದೆ. ಇದು ನನ್ನ ನಿಯಮ. ಮೊದಲು ಉಸಿರು, ತೂಕ, ಜೊತೆಗಾರರು. ಕ್ಯಾಮೆರಾ ಆಮೇಲೆ. ಕೈಗೆ ಕ್ಯಾಮೆರಾ ಬಂದ ಕೂಡಲೇ ಗೇಜ್ ನೋಡುವುದು ಮರೆಯುವವರನ್ನು ಕಂಡಿದ್ದೇನೆ, ಹವಳದ ಮೇಲೆ ಮಂಡಿ ಊರುವವರನ್ನೂ ಕಂಡಿದ್ದೇನೆ. ಒಳ್ಳೆ ಫೋಟೊ ಬೇಕಾದರೆ ಏನನ್ನೂ ಮುಟ್ಟದೆ ಒಂದೇ ಕಡೆ ತೇಲಿ ನಿಲ್ಲುವುದು ಬರಬೇಕು. ಶ್ವಾಸ ತೆಗೆದುಕೊಂಡರೆ ಮೈ ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ. ಬಿಸಿಡಿಗೆ ಕೈಹಾಕದೆ, ಬರೀ ಉಸಿರಿನಿಂದ ಅಂಗೈ ಅಗಲದಷ್ಟು ಮೇಲೆ ಕೆಳಗೆ ಹೋಗುವುದು ಸ್ಕೂಬಾದ ದೊಡ್ಡ ಸುಖ. ಭಾರವೇ ಇಲ್ಲ, ಅವಸರವೇ ಇಲ್ಲ. ಕಿವಿಗೆ ನಮ್ಮದೇ ಗುಳ್ಳೆಗಳ ಸದ್ದು, ಮಧ್ಯೆ ಗಿಳಿಮೀನು ಹವಳ ಕಚ್ಚುವ ಕಟಕಟ.

12 ಮೀಟರಲ್ಲಿ ಟಾರ್ಚ್ ಹಾಕಿದೆ. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಈ ಆಳಕ್ಕೆ ಬರುವಷ್ಟರಲ್ಲಿ ಎಲ್ಲವೂ ನೀಲಿ-ಬೂದು. ಬೆಳಕು ಬಿದ್ದ ಜಾಗದಲ್ಲಿ ಮಾತ್ರ ಕಲ್ಲು ಕೆಂಪು, ಕಿತ್ತಳೆ, ನೇರಳೆ ಆಗಿ ಎದ್ದು ನಿಲ್ಲುತ್ತದೆ. ಬೂದು ಅಂದುಕೊಂಡ ಬಂಡೆಯ ಮೇಲೆ ಅಷ್ಟು ಬಣ್ಣ ಇದೆ ಅಂತ ಕಂಡಾಗ ಯಾರಿಗೂ ಮಾತು ಹೊರಡದು. ಆದರೆ ಟಾರ್ಚಿನ ಬೆಳಕೂ ನೀರಲ್ಲೇ ಹೋಗಿ ಬರಬೇಕು. ಒಂದು ಮೀಟರ್ ದೂರದ ಮೀನಿಗೆ ಬೆಳಕಿನ ಪ್ರಯಾಣ ಎರಡು ಮೀಟರ್. ಅದಕ್ಕೇ ಹತ್ತಿರ ಹೋಗಬೇಕು, ಇನ್ನೂ ಹತ್ತಿರ ಹೋಗಬೇಕು. ಚಪ್ಪಟೆ ಪೋರ್ಟ್‌ನಲ್ಲಿ ವಸ್ತುಗಳು ಇರುವ ದೂರದ ಮುಕ್ಕಾಲು ಭಾಗದಲ್ಲೇ ಇರುವ ಹಾಗೆ ಕಾಣುತ್ತವೆ, 40 ಸೆಂ.ಮೀ. ಇದ್ದದ್ದು 30 ಅನ್ನಿಸುತ್ತದೆ. ಹತ್ತಿರ ಬಂದೆ ಅನ್ನಿಸಿದ ಮೇಲೂ ಸ್ವಲ್ಪ ಮುಂದೆ ಹೋಗಿ.

ಬಂಡೆ ಸಂದಿಯಲ್ಲಿ ಮೊರೆ ಈಲ್ ಎಂಬ ಒಂದು ಹಾವುಮೀನು ಬಾಯಿ ತೆರೆದು ಮುಚ್ಚುತ್ತಿತ್ತು. ನೋಡಿದವರು ಹೆದರಿಸುತ್ತಿದೆ ಅಂದುಕೊಳ್ಳುತ್ತಾರೆ. ಅದು ಉಸಿರಾಟ, ಅಷ್ಟೇ. ಬಾಯಿಂದ ನೀರು ಎಳೆದು ಕಿವಿರಿಗೆ ಕಳಿಸುತ್ತಿರುತ್ತದೆ. ಪಕ್ಕದಿಂದ ನಿಧಾನಕ್ಕೆ ಹೋಗಿ, ಒಂದು ಟಾರ್ಚ್ ಆರಿಸಿ, ಇನ್ನೊಂದನ್ನು ಮೇಲಿನಿಂದ ಇಳಿಬಿಟ್ಟೆ. ಮೈಯ ಚುಕ್ಕಿಗಳು, ಕಣ್ಣಿನ ಸುತ್ತಿನ ಬಣ್ಣ ಸ್ಪಷ್ಟವಾಗಿ ಬಂತು, ಹಿನ್ನೆಲೆ ಕಪ್ಪಾಗಿ ಉಳಿಯಿತು. ಎಷ್ಟೋ ಹೊತ್ತು ಅಲ್ಲೇ ಇದ್ದೆ. ಹೌಸಿಂಗ್ ಮೂಲೆ ನೋಡಬೇಕು ಅನ್ನುವುದು ನೆನಪಿಗೆ ಬಂದದ್ದು ಮೇಲೆ ಬರುವ ದಾರಿಯಲ್ಲಿ, 5 ಮೀಟರಲ್ಲಿ ಮೂರು ನಿಮಿಷದ ಸೇಫ್ಟಿ ಸ್ಟಾಪ್‌ಗೆ ನಿಂತಾಗ. ನೋಡಿದೆ. ಒಣಗಿತ್ತು. ಮಂಜೂ ಇರಲಿಲ್ಲ.

ದಡಕ್ಕೆ ಬಂದ ಕೂಡಲೇ ಹೌಸಿಂಗ್ ತೆರೆಯದೆ ಸಿಹಿನೀರಿನ ಬಕೆಟ್‌ಗೆ. ಅರ್ಧ ಗಂಟೆ ನೆನೆಸಿ, ಒಂದೊಂದು ಬಟನ್ನನ್ನೂ ನೀರೊಳಗೆ ಹತ್ತಿಪ್ಪತ್ತು ಸಲ ಒತ್ತಬೇಕು. ಉಪ್ಪು ಒಣಗಲು ಬಿಟ್ಟರೆ ಮತ್ತೆ ಹರಳು, ಮತ್ತೆ ಹರಿದ ರಬ್ಬರ್. ಸೀಸನ್ ಮುಗಿದ ಮೇಲೆ ಬಾಗಿಲ ಓ-ರಿಂಗ್ ತೆಗೆದು ಬೇರೆ ಡಬ್ಬಿಯಲ್ಲಿ ಇಡುತ್ತೇನೆ. ಲ್ಯಾಚ್ ಹಾಕಿ ಇಟ್ಟರೆ ತಿಂಗಳುಗಟ್ಟಲೆ ಒತ್ತಿಕೊಂಡು ಮತ್ತೆ ಚಪ್ಪಟೆಯಾಗುತ್ತದೆ.

ಈಗ ಕುಕ್ಕರ್ ಮುಂದೆ ಸಾಲು ಇದೆ. ಜೊತೆಗೆ ಡೈವ್ ಮಾಡುವವರ ಎರಡು ಹೌಸಿಂಗ್, ನನ್ನ ಟಾರ್ಚ್‌ಗಳು. ಟಾರ್ಚ್ ಒಳಗೆ ಈ ಸೆನ್ಸರ್ ಹಿಡಿಸುವುದಿಲ್ಲ, ಅದಕ್ಕೆ ಬ್ಯಾಟರಿ ತೆಗೆದು ಚುಕ್ಕಿ ಇಟ್ಟ ಟಿಶ್ಯೂ ಸುರುಳಿಯನ್ನೇ ಹಾಕುತ್ತಿದ್ದೇನೆ. ಪ್ರತಿ ಸೀಸನ್ ಶುರುವಾಗುವ ಮುಂಚೆ ಇದನ್ನೆಲ್ಲ ಒಂದು ಸಲ ಮಾಡುವುದು ಅಂತ ಸೆಪ್ಟೆಂಬರ್ ಕ್ಯಾಲೆಂಡರ್‌ನಲ್ಲಿ ಬರೆದಾಗಿದೆ.